ಹಿಮ್ಮೇಳಕ್ಕೆ ಬಿಟ್ಟ ಜಾಗ

ಶಿರಾ ಬಸ್ಸಿನಿಂದ ಇಳಿದ ಮಂಜುಶ್ರೀಯ ಮುಖಕ್ಕಿಂತ ಮೊದಲು ರೇಣುಕಪ್ರಸಾದನ ಕಣ್ಣಿಗೆ ಬಿದ್ದದ್ದು ಅವಳ ಹೆಗಲಿನ ಬ್ಯಾಗು. ಮ್ಯಾಟ್ನಿ ನೋಡಿ ಸಂಜೆಗೆ ವಾಪಸು ಹೋಗುವವಳಿಗೆ ಇಷ್ಟು ದೊಡ್ಡ ಬ್ಯಾಗು ಯಾಕೆ ಎಂದು ಮನಸ್ಸು ತಡಕಾಡತೊಡಗಿ, ಒಳ್ಳೆಯ ಉತ್ತರವೊಂದು ಸಿಕ್ಕಿದ ಕೂಡಲೇ ಹೆದರಿತು. ಹೆಂಡತಿ ತವರಿಗೆ ಹೋಗಿ ಒಂದೂವರೆ ವರ್ಷವಾದ ಗಂಡಸು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು ಅವಳ ಬ್ಯಾಗಿನ ಉಬ್ಬು ನೋಡಿ ಭವಿಷ್ಯ ಹೇಳಿಕೊಳ್ಳುವುದಕ್ಕಿಂತ ಹೀನಾಯವಾದದ್ದು ಇನ್ನೊಂದಿಲ್ಲ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಕೇಳುವುದನ್ನು ಬಿಡಲಿಲ್ಲ. "ಬ್ಯಾಗು ಭಾರ ಐತಾ?" ಎಂದ. ಯಾಕೆ ತಂದೆ ಎಂದು ಕೇಳಲು ಧೈರ್ಯವಿರಲಿಲ್ಲ. ಅವನು ಕೇಳದ ಪ್ರಶ್ನೆಗೇ ಅವಳು ಉತ್ತರ ಕೊಟ್ಟಳು. "ಎರಡು ಸೀರೆ ಇಟ್ಕೊಂಡಿದೀನಿ. ನಿಮ್ ಜೊತೆ ಮಿಡಿಗೇಶಿಗೆ ಬಂದ್ರೆ ಬೇಕಾಗ್ತವೆ. ಬರ್ದಿದ್ರೆ ಹೊತ್ಕೊಂಡು ವಾಪಸ್ ಹೋಗ್ತೀನಿ. ಯಾವ್ದು ಅಂತ ಇನ್ನೂ ನಂಗೇ ಗೊತ್ತಿಲ್ಲ. ಅಣ್ಣನಿಗೆ ಇವತ್ತು ಹೇಳ್ಬೇಕು, ನಾಳೆ ಭಾನುವಾರ ಹಿರೀಕರು ತೀರ್ಮಾನಕ್ಕೆ ಬರ್ತಾರಂತೆ."

ಮಂಜುಶ್ರೀ ಮೊದಲಿನಿಂದ ಹೀಗೆಯೇ. ಮಾತಿನ ಸಿಪ್ಪೆ ಸುಲಿದು ಕೈಗಿಡುವವಳು. ಮದುವೆಯಾದ ಹೊಸದರಲ್ಲಿ ಅವನ ಸೋದರತ್ತೆ ದಾಕ್ಷಾಯಣಮ್ಮ ಹೋಳಿಗೆ ಮಾಡಿಕೊಂಡು ಬಂದಿದ್ದಳು. ಹೆಂಚಿನ ಮೇಲೆ ಮರೆತು ಬಿಟ್ಟಿದ್ದಳೋ ಏನೋ, ಹಪ್ಪಳದ ಹಾಗಾಗಿದ್ದವು. ಮಂಜುಶ್ರೀ ಎರಡನ್ನು ಮುಗಿಸಿ, "ಚೆನ್ನಾಗಿತ್ತು ಅತ್ತೆ, ಬಿಡ್ಬೇಡಿ, ಮಾಡ್ತಿರಿ" ಎಂದು ನಕ್ಕು ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ಒಳಗೆ ಕಾಲಿಟ್ಟ ಕೂಡಲೇ "ದವಡೆ ಹಲ್ಲು ಅಲ್ಲಾಡ್ತಿದೆ ರೀ, ನೋಡಿ ಇಲ್ಲಿ" ಎಂದು ಬಾಯಿ ತೆರೆದು ತೋರಿಸಿದ್ದಳು. ಹೊರಗಿನವರಿಗೆ ಸುಳ್ಳು, ಮನೆಯವರಿಗೆ ನಿಜ. ಅವಳ ನೇಮ ಅದು. ಸುಳ್ಳನ್ನು ಚಪ್ಪಲಿಯ ಹಾಗೆ ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಿದ್ದಳು. ಆ ಹೊತ್ತು ಅವನಿಗೆ ಹೆಮ್ಮೆಯಾಗಿತ್ತು, ತಾನು ಒಳಗಿನವನಾದೆ ಎಂದು. ಆಮೇಲೆ ಅದೇ ನಿಜ ಅವನ ಸಂಬಳದ ಬಗ್ಗೆ, ಅವನ ಅಂಗಿಯ ಬಣ್ಣದ ಬಗ್ಗೆ, ಅವನ ಹಾಡಿನ ಬಗ್ಗೆ ಬರತೊಡಗಿದಾಗ ಹೆಮ್ಮೆ ಎಲ್ಲಿ ಹೋಯಿತೋ. ಕಹಿಯಾದರೂ ಬೇವು ಬೇವೇ ಎಂದು ನುಂಗಿಕೊಳ್ಳುವಷ್ಟು ದೊಡ್ಡ ಮನಸ್ಸು ಅವನದಾಗಿರಲಿಲ್ಲ.

ಥಿಯೇಟರಿನ ಕಡೆ ನಡೆಯುವಾಗ ಬ್ಯಾಗು ತಾನು ಹಿಡಿಯುತ್ತೇನೆಂದ. ಅವಳು ಕೊಟ್ಟಳು. ಕೊಟ್ಟಿದ್ದೇ ಒಂದು ಗೆಲುವು ಎಂದುಕೊಂಡು ನಾಲ್ಕು ಹೆಜ್ಜೆ ಹಗುರಾಗಿ ನಡೆದ. ಬೆಟ್ಟದ ಬಂಡೆಯ ಮೇಲೆ ಬಿಸಿಲು ಕುಣಿಯುತ್ತಿತ್ತು. ಮೊಬೈಲು ಅಂಗಡಿಯ ಮುಂದೆ ಸಿನಿಮಾದ ಪೋಸ್ಟರ್ ಅಂಟಿಸಿದ್ದರು, ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡು ನಗುತ್ತಿದ್ದಳು, ಅವಳ ಸುತ್ತ ಗಿಟಾರು, ತಬಲ, ಹಾರ್ಮೋನಿಯಂ ಹಿಡಿದ ಗಂಡಸರು. ಹಾಡು ಎಂದರೆ ಪ್ರಾಣ ಬಿಡುವವರೆಲ್ಲ ಪ್ರೀತಿಯಲ್ಲಿ ಎಡವಿ ಬೀಳುವ ತಮಾಷೆ ಸಿನಿಮಾ ಎಂದು ಪೇಪರಿನಲ್ಲಿ ಬಂದಿತ್ತು. ಅದರಲ್ಲಿ ತನ್ನ ದನಿಯಿದೆ. ಇದನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದು ಬೇರೆ ಯಾರದೋ ಸುದ್ದಿಯ ಹಾಗೆ ಕೇಳುತ್ತಿತ್ತು. ಕೊರಟಗೆರೆಯ ಚೇತನ್ ಕುಮಾರ್, ಹಿಂದೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಇವನ ಪಕ್ಕ ಕೀಬೋರ್ಡ್ ನುಡಿಸುತ್ತಿದ್ದವನು, ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕರೊಬ್ಬರ ಕೈಕೆಳಗೆ ಸೇರಿದ್ದ. ಒಂದು ಹಾಡಿಗೆ ಟ್ರ್ಯಾಕ್ ಹಾಡಿಕೊಡು ಬಾ ಎಂದು ಕರೆಸಿದ್ದ. ಟ್ರ್ಯಾಕ್ ಎಂದರೆ ಇಷ್ಟೇ. ದೊಡ್ಡ ಗಾಯಕ ಬರುವ ಮುಂಚೆ ಸಣ್ಣವನೊಬ್ಬ ಹಾಡಿ ದಾರಿ ತೋರಿಸಬೇಕು, ದೊಡ್ಡವನು ಬಂದು ಹಾಡಿದ ಮೇಲೆ ಸಣ್ಣವನದನ್ನು ಅಳಿಸುತ್ತಾರೆ. ಅಳಿಸಲೆಂದೇ ಹಾಡುವ ಹಾಡು. ಆದರೆ ಮೂರು ತಿಂಗಳಾದ ಮೇಲೆ ಚೇತನ್ ಫೋನು ಮಾಡಿದ. "ನಿನ್ ವಾಯ್ಸೇ ಮಡಿಕ್ಕೊಂಡವ್ರೆ ಕಣಣ್ಣ. ಡೈರೆಕ್ಟರ್‌ಗೆ ಬಾಳ ಇಡಿಸ್ಬುಟ್ಟೈತೆ. ಸೀನ್‌ಗೆ ಹೇಳಿ ಮಾಡ್ಸಿದಂಗೆ ಕುಂತೈತೆ." ಚೇತನ್ ಹೇಳುತ್ತ ಹೇಳುತ್ತ ಸ್ವಲ್ಪ ನಕ್ಕಿದ್ದ. ಸಂತೋಷಕ್ಕೆ ಇರಬೇಕು ಎಂದುಕೊಂಡಿದ್ದ ಇವನು.

"ನರಸಪ್ಪನೋರು ಸೋಮವಾರಕ್ಕೆ ಟೆಂಪೋ ಮಾಡ್ಕೊಂಡು ಬರ್ತಾವ್ರೆ, ಭಜನೆಯೋರೆಲ್ಲ" ಎಂದ ಅವಳಿಗೆ. "ಅಪ್ಪ ಇದ್ದಿದ್ರೆ ಅವ್ರೂ ಬರೋರು." ಹೇಳಿ ಅವಳ ಕಡೆ ನೋಡಿದ. ಅವಳು ಹೌದು ಎನ್ನಲಿಲ್ಲ, "ಥಿಯೇಟ್ರಲ್ಲೇ ಕೂತು ಸಾಲು ಎತ್ಕೊಂಡುಬಿಡ್ತಾರೆ ಆ ಭಜನೆಯೋರು" ಎಂದು ನಕ್ಕಳು. ಅದು ನಿಜವೇ. ಮಿಡಿಗೇಶಿಯ ಈಶ್ವರನ ಗುಡಿಯಲ್ಲಿ ಸೋಮವಾರದ ಭಜನೆ ಎಂದರೆ ಅವನ ಅಪ್ಪ ಮಲ್ಲಿಕಾರ್ಜುನಯ್ಯ ಒಂದು ಸಾಲು ಹಾಡುವುದು, ಕೂತವರೆಲ್ಲ ಆ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುವುದು. ಕುರಿ ಕಾಯುವ ನರಸಪ್ಪ ಹಿಮ್ಮೇಳಕ್ಕೆ ಮುಂದಾಳು. ಅವನ ಗಂಟಲಿಗೆ ದನಿಗಿಂತ ದೂಳು ಹೆಚ್ಚು, ಆದರೆ ಸಾಲು ಬಿದ್ದ ಜಾಗದಲ್ಲಿ ಕೈ ಕೊಟ್ಟು ಎತ್ತುವ ಹಾಗೆ ಎತ್ತುತ್ತಿದ್ದ. ಅಪ್ಪ ಇವನಿಗೆ ಕಲಿಸಿದ್ದು ರಾಗವನ್ನಲ್ಲ, ನಿಲ್ಲಿಸುವುದನ್ನು. "ಸಾಲು ಮುಗೀತಾ, ಬಾಯಿ ಮುಚ್ಚು. ಜನಕ್ಕೆ ಜಾಗ ಬುಡು. ಅವ್ರು ಎತ್ಕಂಡ್ ಮ್ಯಾಲೇನೇ ನಿನ್ ಹಾಡು ಹಾಡಾಗೋದು. ನೀನೇ ಎಲ್ಲಾ ಹಾಡ್ಬುಟ್ರೆ ಅದು ಕೂಗು ಕಣ್ಲಾ." ಏಟು ತಿಂದು ತಿಂದು ಆ ನಿಲುಗಡೆ ಇವನ ಉಸಿರಿನೊಳಗೇ ಕೂತುಬಿಟ್ಟಿತ್ತು. ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಕಾವಲಿನ ಮೇಲ್ವಿಚಾರಕನ ಕೆಲಸ ಸಿಕ್ಕಿದ ಮೇಲೆ ಗಾಜಿನ ಹಲಗೆಗಳ ಸಾಲಿನ ನಡುವೆ ಒಬ್ಬನೇ ನಡೆಯುತ್ತ ಹಾಡಿಕೊಳ್ಳುವಾಗಲೂ ಸಾಲು ಮುಗಿದಲ್ಲಿ ನಿಲ್ಲಿಸಿ ಕಾಯುತ್ತಿದ್ದ. ಆ ಹಲಗೆಗಳು ಎಲ್ಲವನ್ನೂ ನುಂಗಿಕೊಳ್ಳುತ್ತವೆ, ಬಿಸಿಲನ್ನೂ ದನಿಯನ್ನೂ. ಮಾರ್ದನಿ ಸಹ ಬರುತ್ತಿರಲಿಲ್ಲ.

ಹಾಡಿನಲ್ಲಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮದುವೆಯಾದ ಮೊದಲ ವರ್ಷ ಅವನು ನಡುಮನೆಯಲ್ಲಿ ಒಂದು ಸಾಲು ಹಾಡಿ ನಿಲ್ಲಿಸಿದರೆ ಮಂಜುಶ್ರೀ ಅಡುಗೆಮನೆಯಿಂದ ಅದನ್ನು ಎತ್ತಿಕೊಳ್ಳುತ್ತಿದ್ದಳು, ಒಗ್ಗರಣೆಯ ಸದ್ದಿನ ನಡುವೆ, ಅರ್ಧ ತಮಾಷೆಗೆ. ಅವನಿಗೆ ಅದರ ರುಚಿ ಹತ್ತಿತು. ಮಾತಿಗೂ ಹಾಗೆಯೇ ಕಾಯತೊಡಗಿದ. ಇವತ್ತು ಸೆಕೆ ಜಾಸ್ತಿ ಎಂದು ಹೇಳಿ ನಿಲ್ಲಿಸಿ ಅವಳ ಮುಖ ನೋಡುವುದು. ಆ ಮ್ಯಾನೇಜರ್ ಸರಿಯಿಲ್ಲ ಎಂದು ಹೇಳಿ ಮುಖ ನೋಡುವುದು. ಅವಳು ಹೌದು ಅನ್ನುವವರೆಗೆ ಅವನ ಮಾತು ಮಾತಾಗುತ್ತಿರಲಿಲ್ಲ. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ತಿರುಗಿದ್ದಳು. "ನೀವು ಒಂದು ಮಾತು ಹೇಳಿ ಹಿಂಗೆ ನನ್ನೇ ನೋಡ್ಕೊಂಡು ನಿಲ್ತೀರಲ್ಲ, ನಂಗೆ ಉಸಿರು ಕಟ್ಟುತ್ತೆ. ನಾನೇನು ನಿಮ್ಮ ಹಿಮ್ಮೇಳದೋಳಾ? ನಂಗೂ ಒಂದು ಸಾಲು ಇರ್ಬಾರ್ದಾ?" ಅವನು ಆವತ್ತು ತಪ್ಪು ಒಪ್ಪಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. "ನಾನೇನ್ ಮಾಡ್ದೆ ಈಗ?" ಎಂದು ಕೇಳಿ, ಕೇಳಿದ ಮೇಲೆ ಅದೇ ರೀತಿ ನೋಡುತ್ತ ನಿಂತಿದ್ದ.

ಥಿಯೇಟರಿನಲ್ಲಿ ಶನಿವಾರವಾದ್ದರಿಂದ ಕಾಲೇಜು ಹುಡುಗರು ತುಂಬಿದ್ದರು. ಫ್ಯಾನುಗಳು ಗೊರಗೊರ ಎನ್ನುತ್ತಿದ್ದವು. ಸೀಟಿನಲ್ಲಿ ಕೂತು ಬ್ಯಾಗನ್ನು ಕಾಲುಗಳ ನಡುವೆ ಇಟ್ಟುಕೊಂಡ, ಯಾರೋ ಕಿತ್ತುಕೊಂಡು ಹೋಗುತ್ತಾರೆನ್ನುವ ಹಾಗೆ ಎರಡು ಮೊಣಕಾಲುಗಳಿಂದ ಒತ್ತಿಕೊಂಡ. ಸಿನಿಮಾದ ಹುಡುಗಿ ರೇಡಿಯೋದಲ್ಲಿ ಕೆಲಸ ಮಾಡುವವಳು, ಗಂಡಸನ್ನು ಅವನು ಕೇಳುವ ಹಾಡಿನಿಂದ ಅಳೆಯುವವಳು. ಗಿಟಾರಿನವನು ತನ್ನ ಹಾಡನ್ನು ತಾನೇ ಕೇಳುತ್ತ ಅವಳ ಹುಟ್ಟುಹಬ್ಬ ಮರೆತ. ಕಛೇರಿಗಳಿಗೆ ಓಡಾಡುವ ಡಾಕ್ಟರು ಅವಳು ತಾಳ ತಪ್ಪಿ ತಲೆಯಾಡಿಸಿದಳೆಂದು ಮುನಿದ. ಜನ ನಗುತ್ತಿದ್ದರು, ಮಂಜುಶ್ರೀಯೂ ನಗುತ್ತಿದ್ದಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು. ಮನೆ ಬಿಡುವ ಮುಂಚಿನ ವರ್ಷ ಅವಳು ನಕ್ಕದ್ದು ಫೋನಿನಲ್ಲಿ ತಂಗಿಯ ಜೊತೆ ಮಾತ್ರ, ಅದೂ ಇವನು ಒಳಗೆ ಬಂದರೆ ನಿಲ್ಲುತ್ತಿತ್ತು. ಈಗ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಅದು ತಾನಾಗಿ ಉಕ್ಕುತ್ತಿತ್ತು. ಅವನಿಗೆ ಸಿನಿಮಾ ಕಾಣಲಿಲ್ಲ. ಒಂದು ಹಾಡು ಬರಬೇಕು, ಅದೊಂದು ಬಂದರೆ ಸಾಕು, ಇವಳು ತಿರುಗಿ ನಿಮ್ಮದು ಅನ್ನುತ್ತಾಳೆ, ಈ ಬ್ಯಾಗು ಮಿಡಿಗೇಶಿ ಬಸ್ಸು ಹತ್ತುತ್ತದೆ ಎಂದು ದೇವರ ಮುಂದೆ ಕೂತವನ ಹಾಗೆ ಅಂಗಲಾಚುತ್ತಿದ್ದ.

ಇಂಟರ್ವಲ್ಲಿನಲ್ಲಿ ಅವಳೇ ಹೋಗಿ ಪಾಪ್‌ಕಾರ್ನ್ ತಂದಳು. ಅವನಿಗೂ ಹಿಡಿಯಲು ಕೊಟ್ಟು, ಬಾಯಿ ಆಡಿಸುತ್ತ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. "ನಿಮ್ ಹಾಡು ಬಂದಾಗ ನನ್ ಮುಖ ನೋಡ್ಬೇಡಿ. ಪರದೆ ನೋಡಿ. ಇಷ್ಟ ಆದ್ರೆ ನಾನೇ ಹೇಳ್ತೀನಿ, ಆಗ್ಲಿಲ್ಲ ಅಂದ್ರೂ ನಾನೇ ಹೇಳ್ತೀನಿ." ಅವನು ತಲೆಯಾಡಿಸಿದ. "ಯಾಕಂದ್ರೆ ನಂಗೆ ನಿಮ್ ಹಾಡು ಬೇಜಾರಾಗಿ ಬಿಟ್ಟು ಹೋಗ್ಲಿಲ್ಲ. ಅದು ನಿಮ್ಗೆ ಗೊತ್ತಿರ್ಲಿ." ಅವನ ಕಣ್ಣು ತೇವವಾಯಿತು. ಇಷ್ಟು ಹೇಳಲಿಕ್ಕೆ ಇವಳು ಶಿರಾದಿಂದ ಬ್ಯಾಗು ಹೊತ್ತು ಬಂದಿದ್ದಾಳೆ ಎಂದರೆ ಅರ್ಧ ಬಂದಂತೆಯೇ. ಈ ಸಲ ನೋಡುವುದಿಲ್ಲ, ಈ ಸಲ ಕಾಯುವುದಿಲ್ಲ, ಅವಳ ಸಾಲು ಅವಳೇ ಹಾಡಲಿ, ಬೇಕಾದರೆ ತಾನೇ ಹಿಂದಿನಿಂದ ಎತ್ತಿಕೊಳ್ಳುತ್ತೇನೆ ಎಂದು ಅಪ್ಪನ ಮೇಲೆ ಆಣೆ ಹಾಕಿಕೊಂಡ. ದೀಪ ಆರಿತು.

ಹುಡುಗಿಯ ಮನೆಯವರು ಹಳ್ಳಿಯಲ್ಲೊಂದು ಗಂಡು ಗೊತ್ತು ಮಾಡಿದ್ದರು. ತಲೆಗೆ ಎಣ್ಣೆ ಮೆತ್ತಿಕೊಂಡ, ಷರಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ ಮೇಷ್ಟ್ರು. ಹುಡುಗಿ ಅವನನ್ನು ನೋಡಲು ಹಳ್ಳಿಗೆ ಬಂದಾಗ, ಅವಳಿಗೆ ಸಂಗೀತ ಇಷ್ಟವೆಂದು ಯಾರೋ ಹೇಳಿದ್ದರಿಂದ ಅವನು ಹಟ್ಟಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿದ. ಪಕ್ಕದಲ್ಲಿ ಒಂದು ಮೇಕೆ ಕಟ್ಟಿತ್ತು. ಎಲ್ಲಿಂದಲೋ ತಂಬೂರಿಯ ಶ್ರುತಿ ಶುರುವಾಯಿತು. ರೇಣುಕಪ್ರಸಾದನಿಗೆ ಮೊದಲು ಕೇಳಿಸಿದ್ದು ತನ್ನ ಉಸಿರು. ಸಾಲಿಗೆ ಮುಂಚೆ ಮೂಗಿನಿಂದ ಎಳೆದುಕೊಳ್ಳುವ ಸಣ್ಣ ಉಸಿರು, ಅಪ್ಪನದೂ ಹಾಗೆಯೇ ಇತ್ತು. ಆಮೇಲೆ ಥಿಯೇಟರಿನ ನಾಲ್ಕೂ ಗೋಡೆಗಳಿಂದ ಅವನ ದನಿ ಬಂತು. 'ಚಿಲಕ ಹಾಕಿಲ್ಲ, ಬಾಗಿಲಿಗೆ ಚಿಲಕ ಹಾಕಿಲ್ಲ.' ಒಂದು ಕ್ಷಣ, ಆ ಒಂದೇ ಸಾಲಿನ ಹೊತ್ತು, ಅವನು ಜೀವನದಲ್ಲಿ ಎಂದೂ ಆಗದಷ್ಟು ಸುಖವಾಗಿದ್ದ. ಸ್ಟುಡಿಯೋದಲ್ಲಿ ಈ ಸಾಲು ಹಾಡುವಾಗ ಮಿಡಿಗೇಶಿಯ ಮನೆಯ ಬಾಗಿಲನ್ನೇ ನೆನೆದಿದ್ದ. ತಾಳವಿಲ್ಲದ ಹಾಡು, ಬರೀ ಶ್ರುತಿಯ ಮೇಲೆ ನಿಲ್ಲಬೇಕು. ಸಾಲು ಮುಗಿಸಿ, ರೂಢಿಯಂತೆ, ಆ ಗಾಜಿನ ಕೋಣೆಯಲ್ಲಿ ಒಬ್ಬನೇ ನಿಂತು ಕಾದಿದ್ದ. ಚೇತನ್ ಕಿವಿಯಲ್ಲಿ, "ಅಣ್ಣ, ಗ್ಯಾಪ್ ಜಾಸ್ತಿ ಆಯ್ತೈತೆ, ಅಂಗೇ ಮುಂದಕ್ಕೆ ಬಂದ್ಬುಡು" ಎಂದಿದ್ದ. ಎಷ್ಟು ಸಲ ಹಾಡಿದರೂ ನಿಲುಗಡೆ ಬಂದೇ ಬರುತ್ತಿತ್ತು. ಕೊನೆಗೆ ಗಾಜಿನಾಚೆ ಯಾರೋ, "ಇರ್ಲಿ, ಹಾಗೇ ಇರ್ಲಿ ಬಿಡು, ಚೆನ್ನಾಗಿದೆ" ಎಂದು ನಕ್ಕಿದ್ದರು. ಈಗ ಪರದೆಯ ಮೇಲೆ ಮೇಷ್ಟ್ರು ಬಾಯಿ ಮುಚ್ಚಿ, ಕಣ್ಣು ತೆರೆದು, ಹುಡುಗಿಯ ಮುಖವನ್ನೇ ನೋಡುತ್ತ ನಿಂತ. ಥಿಯೇಟರು ನಿಶ್ಶಬ್ದವಾಯಿತು. ಮೇಕೆ ಕತ್ತೆತ್ತಿ "ಮ್ಯಾ" ಎಂದಿತು.

ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಸಾಲು, 'ದೀಪ ಆರಿಸಿಲ್ಲ, ನಾನಿನ್ನೂ ದೀಪ ಆರಿಸಿಲ್ಲ.' ಮತ್ತೆ ಆ ನಿಲುಗಡೆ, ಮತ್ತೆ ಮೇಷ್ಟ್ರ ಆಸೆಗಣ್ಣು, ಮತ್ತೆ ಮೇಕೆ. ಮೂರನೆಯ ಸಾಲಿಗೆ ಹುಡುಗರಿಗೆ ಜಾಡು ಸಿಕ್ಕಿತ್ತು. ಸಾಲು ಮುಗಿದದ್ದೇ ತಡ, ಮೇಕೆಗೂ ಮುಂಚೆ, ಬಾಲ್ಕನಿಯಿಂದ ಮುಂದಿನ ಸಾಲಿನವರೆಗೆ ನೂರು ಗಂಟಲುಗಳು ಒಟ್ಟಿಗೆ "ಮ್ಯಾ" ಎಂದು ಎತ್ತಿಕೊಂಡವು. ಇಂಥ ಹಿಮ್ಮೇಳ ಅವನಿಗೆ ಗುಡಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ಮಂಜುಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು, ಮುಂದಿನ ಸೀಟಿಗೆ ಹಣೆ ತಾಗುವಷ್ಟು ಬಾಗಿ, ಪಾಪ್‌ಕಾರ್ನ್ ಚೆಲ್ಲಿ. ಅವಳಿಗೆ ಗೊತ್ತಾಗಿಲ್ಲ. ಆರು ವರ್ಷ ಅಡುಗೆಮನೆಯಲ್ಲಿ ಕೇಳಿದ ದನಿ ಅವಳಿಗೆ ಗೊತ್ತಾಗಿಲ್ಲ. ಅದು ಅವನಿಗೆ ನೋವೋ ನೆಮ್ಮದಿಯೋ ತಿಳಿಯಲಿಲ್ಲ. ತಾನೊಬ್ಬನೇ ಕಲ್ಲಿನ ಹಾಗೆ ಕೂತಿದ್ದೇನೆ, ನಗದೆ ಇರುವವನೇ ಕಳ್ಳ ಎಂದು ಯಾರಿಗಾದರೂ ಹೊಳೆದುಬಿಡುತ್ತದೆ ಎಂಬ ಭಯ ಹುಟ್ಟಿತು. ಆ ಭಯದಲ್ಲಿ ಅವನು ಒಂದು ಕೆಲಸ ಮಾಡಿದ. ಬಾಯಿ ತೆರೆದು ತಾನೂ ನಕ್ಕ. ಹ ಹ ಹ ಎಂದು, ಎಲ್ಲರಿಗಿಂತ ಸ್ವಲ್ಪ ಜೋರಾಗಿ, ಕಂಬಕ್ಕೆ ಒರಗಿ ಬಾಗಿಲಿಗೆ ಚಿಲಕ ಹಾಕದೆ ನಿಂತವನನ್ನು ನೋಡಿ ನಕ್ಕ. ನಗುತ್ತಿದ್ದ ಹಾಗೆ ಅಪ್ಪನ ಮುಖಕ್ಕೆ ಉಗಿದ ಹಾಗಾಯಿತು. ಆದರೂ ನಿಲ್ಲಿಸಲಿಲ್ಲ.

ಮಂಜುಶ್ರೀಗೆ ಅವನ ದನಿ ಮರೆತಿರಬಹುದು, ಅವನ ಸುಳ್ಳು ನಗು ಮರೆತಿರಲಿಲ್ಲ. ಅವಳ ಅಣ್ಣನ ಮುಂದೆ, ಕೆಲಸ ಕೊಟ್ಟವರ ಮುಂದೆ ಅವನು ನಗುತ್ತಿದ್ದ ಆ ನಗುವನ್ನು ಅವಳು ಎಷ್ಟು ಸಲ ಅಣಕಿಸಿದ್ದಳು. ತಟ್ಟನೆ ತಿರುಗಿ ಅವನ ಮುಖ ನೋಡಿದಳು. ಅವನು ಪರದೆಯನ್ನೇ ನೋಡುತ್ತಿದ್ದ, ಅವಳು ಹೇಳಿದ ಹಾಗೆ. ಅಷ್ಟರಲ್ಲಿ ಕೊನೆಯ ಸಾಲು ಶುರುವಾಯಿತು, ಅದರ ಮುಂಚಿನ ಆ ಸಣ್ಣ ಉಸಿರು. ಅವಳ ನಗು ಅಲ್ಲೇ ನಿಂತಿತು. ಅವಳ ತೋಳು ಅವನ ತೋಳಿಗೆ ತಾಗಿತ್ತು, ಆ ತೋಳು ಬಿಗಿದುಕೊಂಡದ್ದು ಅವನಿಗೆ ತಿಳಿಯಿತು. ಸುತ್ತ ಥಿಯೇಟರೆಲ್ಲ ಮೇಕೆಯಾಗಿ ಅರಚುತ್ತಿರುವಾಗ ಅವರಿಬ್ಬರು ಮಾತ್ರ, ಅವನು ಹಲ್ಲು ತೆರೆದುಕೊಂಡು, ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಒಂದೇ ಕಡೆ ನೋಡುತ್ತ ಕೂತಿದ್ದರು. ಸಿನಿಮಾದ ಹುಡುಗಿ ಮೇಷ್ಟ್ರಿಗೆ ಕೈ ಮುಗಿದು ಕಾರು ಹತ್ತಿದಳು. ಆಮೇಲೆ ಅವಳಿಗೆ ಹಾಡೇ ಬಾರದ ಹುಡುಗನೊಬ್ಬ ಸಿಕ್ಕಿ ಎಲ್ಲ ಸುಖವಾಯಿತು.

ಹೊರಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಚುರುಕಾಗಿತ್ತು. ಬೈಕು ತೆಗೆಯುತ್ತಿದ್ದ ಹುಡುಗರು ಒಬ್ಬರಿಗೊಬ್ಬರು "ಚಿಲಕ ಹಾಕಿಲ್ಲ" ಎನ್ನುವುದು, ಇನ್ನೊಬ್ಬ "ಮ್ಯಾ" ಎನ್ನುವುದು ನಡೆದಿತ್ತು. ರೇಣುಕಪ್ರಸಾದ ಬ್ಯಾಗು ಹಿಡಿದು ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದ. ಅವಳು ಈಗ ಹೇಳುತ್ತಾಳೆ. ಇಷ್ಟವಾಗದಿದ್ದರೂ ನಾನೇ ಹೇಳುತ್ತೇನೆ ಎಂದಿದ್ದಾಳಲ್ಲ. ಮೇಕೆ ಥರ ಹಾಡಿದೀರಿ ರೀ ಎಂದು ಹೇಳಲಿ. ನಿಮಗೆ ಮೊದಲೇ ಬಡ್ಕೊಂಡೆ, ಕಾಯ್ಬೇಡಿ ಅಂತ ಎಂದು ಬಯ್ಯಲಿ. ರಸ್ತೆಯಲ್ಲೇ ನಿಂತು ನಗಲಿ ಬೇಕಾದರೆ. ಹಾಗೆ ಅಂದರೆ ತಾನೂ ನಿಜವಾಗಿ ನಗುತ್ತೇನೆ, ಇಬ್ಬರೂ ಕಾಫಿ ಕುಡಿದು ಬಸ್ಸು ಹತ್ತುತ್ತೇವೆ. ಹೋಟೆಲು ದಾಟಿತು, ಮೊಬೈಲು ಅಂಗಡಿ ದಾಟಿತು, ಕಿವಿ ಮುಚ್ಚಿಕೊಂಡ ಪೋಸ್ಟರ್ ಹುಡುಗಿ ದಾಟಿದಳು. ಬಸ್‌ಸ್ಟ್ಯಾಂಡಿನ ಬಾಗಿಲಿಗೆ ಬಂದ ಮೇಲೆ ಮಂಜುಶ್ರೀ, ಹೂವಿನ ಬುಟ್ಟಿಯ ಕಡೆ ನೋಡುತ್ತ, "ನಿಮ್ ಹಾಡು ಬರ್ಲೇ ಇಲ್ವಲ್ಲ ರೀ" ಎಂದಳು. "ಕಟ್ ಮಾಡಿಬಿಟ್ಟಿದಾರೆ ಅನ್ಸುತ್ತೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳಿಗೆ ಇನ್ನೊಂದು ಅವಕಾಶ ಕೊಡಬೇಕೆನ್ನಿಸಿತು, ತನಗೇ ಒಂದು ಅವಕಾಶ ಬೇಡಿಕೊಳ್ಳುವ ಹಾಗೆ. "ಆ ಮೇಕೆ ಸೀನು ಚೆನ್ನಾಗಿತ್ತು" ಎಂದ. ಎಂದವನು, ಆಣೆ ಮರೆತು, ನಿಲ್ಲಿಸಿ, ಅವಳ ಮುಖ ನೋಡಿದ.

"ಯಾವ್ದು?" ಎಂದಳು ಮಂಜುಶ್ರೀ. ಅವಳ ರೆಪ್ಪೆಗಳು ಕಣ್ಣೀರು ಬರುವಷ್ಟು ನಕ್ಕದ್ದರಿಂದ ಇನ್ನೂ ಅಂಟಿಕೊಂಡಿದ್ದವು. "ನಾನಾಗ ಫೋನ್ ನೋಡ್ತಿದ್ದೆ. ಅಣ್ಣ ಮೆಸೇಜ್ ಹಾಕಿದ್ದ."

ಶಿರಾ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಅವಳು ಬ್ಯಾಗಿಗೆ ಕೈ ಚಾಚಿದಳು. ಅವನು ಕೊಟ್ಟ. ಕೊಡುವಾಗ ಅವಳ ಬೆರಳು ಅವನ ಬೆರಳಿನ ಮೇಲೆ ಒಂದು ಕ್ಷಣ ಇತ್ತು, ಕಾಯಿಲೆಯವರನ್ನು ನೋಡಲು ಹೋದವರು ಮುಟ್ಟುವ ಹಾಗೆ. ಕಿಟಕಿಯ ಪಕ್ಕ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಕೆಳಗೆ ಬಗ್ಗಿ ಅವನ ಕಡೆ ನಕ್ಕಳು. ತುಂಬ ಒಳ್ಳೆಯ ನಗು. "ನಿಮ್ ವಾಯ್ಸ್ ಚೆನ್ನಾಗಿದೆ ರೀ" ಎಂದಳು. "ಬಿಡ್ಬೇಡಿ, ಹಾಡ್ತಿರಿ." ಅವನಿಗೆ ದಾಕ್ಷಾಯಣಮ್ಮನ ಹೋಳಿಗೆ ನೆನಪಾಯಿತು. ಹೆಂಡತಿ ಹೋದಳು ಎಂದು ಒಂದೂವರೆ ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಾಯಿತು. ಭಾನುವಾರ ಹಿರೀಕರು ಬರುವ ಅಗತ್ಯವೇ ಇರಲಿಲ್ಲ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿತು.

ಮಿಡಿಗೇಶಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತ. ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. ಫೋನು ಹೊಡೆದುಕೊಂಡಿತು. ನರಸಪ್ಪ. ಹಿಂದೆ ಕುರಿಗಳ ಸದ್ದು.

"ಹೆಂಗೈತಪ್ಪ ನಿನ್ ಹಾಡು? ನೋಡ್ದಾ? ಟೆಂಪೋದೋನ್ಗೆ ಯೋಳ್ಬುಟ್ಟಿವ್ನಿ, ಸೋಮ್ವಾರಕ್ಕೆ. ನಮ್ ಭಜನೆ ನಾಗಕ್ಕಾನೂ ಬತ್ತಾಳಂತೆ. ನಿನ್ ಸಾಲು ಬಂದ್ರೆ ನಮ್ ಬಾಯಿ ಸುಮ್ಕಿರಕಿಲ್ಲ ಕಣಪ್ಪ, ಅಲ್ಲೇ ಕುಂತು ಎತ್ಕತೀವಿ. ಯಾರಾನಾ ಏನಾರಾ ಅಂದ್ಕಳ್ಲಿ."

ರೇಣುಕಪ್ರಸಾದ ಕಣ್ಣು ಮುಚ್ಚಿದ. ಕತ್ತಲ ಥಿಯೇಟರಿನಲ್ಲಿ, ಮೇಕೆಗೂ ಹುಡುಗರಿಗೂ ಮುಂಚೆ, ಆ ದೂಳು ಹಿಡಿದ ಮುದಿ ಗಂಟಲುಗಳು ಭಕ್ತಿಯಿಂದ ಸಾಲು ಎತ್ತಿಕೊಳ್ಳುವುದು ಕೇಳಿಸಿತು. ಆಮೇಲಿನದೂ ಕೇಳಿಸಿತು.

"ಬರಬೇಡ್ರಿ ನರಸಪ್ಪ" ಎಂದ. "ನನ್ ಹಾಡು ಬರ್ಲೇ ಇಲ್ಲ. ಕಟ್ ಮಾಡಿಬಿಟ್ಟಿದಾರೆ."

ಮಂಜುಶ್ರೀ ಹೇಳಿದ ಸಾಲನ್ನು ಅವನು ಹಾಗೇ ಎತ್ತಿಕೊಂಡಿದ್ದ, ಅವಳದೇ ಮಾತಿನಲ್ಲಿ, ಅವಳದೇ ಏರಿಳಿತದಲ್ಲಿ. ನರಸಪ್ಪನ ಮಾತಿಗೆ ಕಾಯದೆ ಫೋನು ಇಟ್ಟ.